ಬಾಗಿಲ ಮೇಲಿನ ಕೆಮ್ಮಣ್ಣು

ನಮ್ಮ ಅತ್ತೆ ಸಾಬಮ್ಮ ಕಾಗಿಣಾ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವಳು. ಸೇಡಂ ತಾಲೂಕಿನ ಅಂಚಿಗೆ, ಹೊಳೆಯಾಚೆ ನಮ್ಮ ಊರು. ಊರೆಂದರೆ ತೊಗರಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಒಲೆಗೆ ಕೆಂಡ ತರಬೇಕಾದರೂ ಹೊಲ ದಾಟಬೇಕು. ಕುಡಿಯಲು ಹೊಳೆ ನೀರೇ ಗತಿ. ಆ ನೀರಿನಿಂದ ಬಂದ ವಾಂತಿಭೇದಿಯಲ್ಲಿ ಅತ್ತೆ ಎರಡು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದಳು.

ರಜಾಕಾರರ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ಮಳೆಗಾಲದಲ್ಲಿ ಒಬ್ಬ ಮುನ್ಶಿ ಬಂದು, ಜನಗಣತಿ ಬರಲಿದೆ ಎಂದು ಬಾಗಿಲುಗಳಿಗೆ ಕೆಮ್ಮಣ್ಣಿನಿಂದ ನಂಬರು ಬರೆದ.

"ಸರ್ಕಾರದ ಲೆಕ್ಕದಾಗ ನಿಮ್ಮೂರು ಬೇಚಿರಾಗ್ ಅದ, ದೀಪ ಹಚ್ಚೋರಿಲ್ಲದ ಊರು. ನಾಳಿ ಗಿರದಾವರ ಸಾಹೇಬ್ರು ನೋಡಲಿಕ್ಕ ಬರ್ತಾರ. ಜನ ಅದಾರಂತ ಬರದ್ರ ಬಾವಿ ಮಂಜೂರಾಗ್ತದ," ಎಂದು ಹೇಳಿ ಹೋದ.

ಗದ್ದಲದಲ್ಲಿ ಗುರುತು ಹಾಕಿದ ಮನೆಗಳನ್ನೇ ಸುಟ್ಟರೆಂಬ ಮಾತು ನಮ್ಮಲ್ಲಿ ಹಬ್ಬಿತ್ತು. ಮುನ್ಶಿ ಮರೆಯಾದದ್ದೇ ತಡ, ಹೆಂಗಸರು ನಂಬರಿನ ಮೇಲೆ ಸಗಣಿ ಬಳಿದರು. ಬೆಳಗಾಗುತ್ತಲೇ ಊರ ಹಿರಿಯ ಮಾಣಿಕಪ್ಪ ಎಲ್ಲರನ್ನೂ ದನಕರುಗಳ ಸಮೇತ ಹಿಂದಿನ ದಿಬ್ಬ ಹತ್ತಿಸಿದ. ನನ್ನ ಯಜಮಾನರೂ ಹೋದರು. ನಾನು ಅತ್ತೆಯ ಬಳಿ ಉಳಿದೆ.

ಆಚೆ ದಡದಿಂದ ಹರಿಗೋಲಿಗಾಗಿ ಕೂಗು ಕೇಳಿತು. ಹೊಳೆ ಏರುತ್ತಿತ್ತು.

"ಸಾಬಮ್ಮಾ, ಹಗ್ಗ ಬಿಚ್ಚಬ್ಯಾಡ! ಕೊಳ್ಳಿ ಇಡೋರಿಗಿ ನೀನೇ ದಾರಿ ತೋರಸ್ತೀಯೇನು?" ಮಾಣಿಕಪ್ಪ ದಿಬ್ಬದಿಂದ ಚೀರಿದ.

ಅತ್ತೆ ಹಗ್ಗ ಬಿಚ್ಚಿದಳು.

ಕಂದಾಯ ಇಲಾಖೆಯ ಗಿರದಾವರ ಗುಲಾಮ್ ರಸೂಲ್ ಸಾಹೇಬರು ತೊಯ್ದು ತೊಪ್ಪೆಯಾಗಿ ಬಂದು ನೋಡಿದರೆ ನಂಬರಿಲ್ಲ, ಮಂದಿಯಿಲ್ಲ, ಕೋಳಿ ಸಹ ಇಲ್ಲ.

"ನೀವಿಬ್ರು ಹೆಣ್ಣಮಕ್ಕಳೇ ಒಂದು ಊರೇನವಾ? ಹೊಳಿ ತುಂಬೋದ್ರಾಗ ನಾ ದಾಟಬೇಕು. ಬೇಚಿರಾಗ್ ಅಂತೇ ಬರೀತೀನಿ."

"ಜರಾ ತಡೀರಿ ಸಾಹೇಬ್ರ."

ಅಕ್ಷರ ಬಾರದ ಅತ್ತೆ ಕೆಮ್ಮಣ್ಣು ಕಲಸಿ ನಮ್ಮ ಬಾಗಿಲ ತುಂಬ ಅಂಗೈ ಒತ್ತಿದಳು. ನನ್ನನ್ನು ಅಂಗಳಕ್ಕೆ ದೂಡಿ, ತಾನು ಒಳಹೋಗಿ ಚಿಲಕ ಹಾಕಿಕೊಂಡಳು. ಕಿಟಕಿಯಿಂದ ದನಿ ಬಂತು.

"ಮಾಣಿಕಪ್ಪಾ! ಗುರ್ತಾ ಹಾಕೀನಿ, ಒಳಗ ಕುಂತೀನಿ. ಸುಡೋದಿದ್ರ ನನ್ನೇ ಮೊದ್ಲ ಸುಡಲಿ. ನೋಡಕೋತ ಕುಂದ್ರು!"

ಏನೂ ತಿಳಿಯದ ಸಾಹೇಬರು ಕಟ್ಟೆಯ ಮೇಲೆ ಕುಳಿತು, ಟೋಪಿಯೊಳಗೆ ತೋಯದಂತೆ ಇಟ್ಟಿದ್ದ ಬೀಡಿ, ಕಡ್ಡಿಪೆಟ್ಟಿಗೆ ತೆಗೆದು, ಬೀಡಿ ಕಚ್ಚಿ, ಕಡ್ಡಿ ಗೀರಿದರು. ದಿಬ್ಬದ ಮೇಲೆ ಹೆಂಗಸರು ಹೋ ಎಂದು ಚೀರಿದರು.

ಸಾಹೇಬರು ದಿಬ್ಬ ನೋಡಿದರು, ಬಾಗಿಲು ನೋಡಿದರು. ಕಡ್ಡಿ ಆರಿಸಿ, ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ನೀನೇ ಇಟ್ಕೋವಾ. ಅವರಿಗಿ ಕೆಳಗ ಬರ್ರಿ ಅನ್ನು."

ಮೊದಲು ಆಡೊಂದು ಇಳಿಯಿತು. ಅದರ ಹಿಂದೆ ನನ್ನ ಯಜಮಾನರು. ಆಮೇಲೆ ಎಲ್ಲರೂ. ಮಾಣಿಕಪ್ಪ ಕಡೆಯವನು.

"ನನ್ನೂ ಬರಕೊಳ್ರಿ ಸಾಹೇಬ್ರ. ಅಂಜುಬುರಕ ಅಂತ ಮಾತ್ರ ಬರೀಬ್ಯಾಡ್ರಿ."

ಬಾವಿ ಬಂತು, ಮಾಣಿಕಪ್ಪನ ಮನೆ ಮಗ್ಗುಲಿಗೇ ಬಂತು. ಆ ಸಿಟ್ಟು ಅತ್ತೆಗೆ ಸಾಯುವತನಕ ಇಳಿಯಲಿಲ್ಲ.