ಕಾಮಾಲೆಯ ಊರು ಹುಡುಕಿಸಿದ ಚನ್ನವೀರಮ್ಮ

ಚನ್ನವೀರಮ್ಮ ಮೆಡಿಕಲ್ ಕಾಲೇಜಿನಲ್ಲಿ ಹೆಣಿಗೆ ಕಲಿಸುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ಪಾರ್ವತಿನಗರದ ನಮ್ಮ ಸಾಲಿನ ಕೊನೆಯ ಮನೆಯಿಂದ ಅವರು ಬೆಳಿಗ್ಗೆ ಹೊರಟರೆ ಕೈಚೀಲದಿಂದ ಉದ್ದನೆಯ ಸ್ವೆಟರ್ ಕಡ್ಡಿಗಳು ಇಣುಕುತ್ತಿದ್ದವು. ದಾರಿಯಲ್ಲಿ ಸಿಕ್ಕ ಎಳೆಯ ಡಾಕ್ಟರುಗಳು ಸೈಕಲ್ ಇಳಿದು ನಮಸ್ಕಾರ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಬಾಗಿಲ ಚಿಲಕವನ್ನು ಸೆರಗಿನಿಂದ ಹಿಡಿದು ತೆಗೆಯಬೇಕಾದ ಬಳ್ಳಾರಿಯಲ್ಲಿ ಸ್ವೆಟರ್ ಯಾರಿಗೆ ಬೇಕು ಎಂಬ ಪ್ರಶ್ನೆ ನನಗೂ ಬಂದಿತ್ತು. ಆದರೆ ಬೇಡವಾದದ್ದನ್ನು ಕಲಿಸುವುದು ನಮ್ಮ ಕಾಲೇಜುಗಳಿಗೆ ಹೊಸದಲ್ಲವಲ್ಲ ಎಂದು ಸುಮ್ಮನಾಗಿದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಪಾರ್ವತಿನಗರ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಂಘಕ್ಕೆ ಕಟ್ಟಡವಿರಲಿಲ್ಲ, ರಬ್ಬರ್ ಸ್ಟಾಂಪ್ ಇತ್ತು. ಅದು ನನ್ನ ಬಳಿ ಇದ್ದುದರಿಂದ ಸಂಘವೂ ನನ್ನ ಬಳಿಯೇ ಇತ್ತು ಎಂಬ ಭಾವನೆಯಲ್ಲಿ ನಾನು ಬೀದಿಯಲ್ಲಿ ಸ್ವಲ್ಪ ಎದೆ ಮುಂದೆ ಮಾಡಿ ನಡೆಯುತ್ತಿದ್ದೆ.

ಆ ಬೇಸಿಗೆ ಊರಿನಲ್ಲಿ ಒಂದು ಸುದ್ದಿ ಹಬ್ಬಿತು. ದೊಡ್ಡಾಸ್ಪತ್ರೆಗೆ ಬರುತ್ತಿರುವ ಕಾಮಾಲೆಯ ರೋಗಿಗಳೆಲ್ಲ ಪಾರ್ವತಿನಗರದವರಂತೆ, ಅಲ್ಲಿನ ನಲ್ಲಿ ನೀರೇ ಕೆಟ್ಟಿದೆಯಂತೆ. ಹೇಳಿದವರು ಸಾಮಾನ್ಯರಲ್ಲ, ಕಾಲೇಜಿನ ವಿಭಾಗವೊಂದರ ಮುಖ್ಯಸ್ಥರು. ಅದೂ ಕ್ಲಬ್ಬಿನಲ್ಲಿ, ಮೈಕಿನ ಮುಂದೆ. ಮರುದಿನದಿಂದ ಹೂವಿನ ಹೊನ್ನೂರಮ್ಮ ನಮ್ಮ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟಳು. "ಮಜ್ಜಿಗಿ ಆದ್ರ ಕೊಡ್ರಿ ಅಕ್ಕಾರ, ಅದಕ್ಕೇನಾಗಂಗಿಲ್ಲ" ಎನ್ನುತ್ತಿದ್ದಳು. ನಮ್ಮ ಮಜ್ಜಿಗೆಯಲ್ಲಿ ಮುಕ್ಕಾಲು ಪಾಲು ನೀರೇ ಎಂಬ ಗುಟ್ಟನ್ನು ನನ್ನ ಹೆಂಡತಿ ಬಿಟ್ಟುಕೊಡಲಿಲ್ಲ.

ಬಡಾವಣೆಯ ಮಾನದ ಪ್ರಶ್ನೆ. ನಾನು ಮನವಿ ಬರೆದು, ಸ್ಟಾಂಪ್ ಒತ್ತಿ, ಕಾಲೇಜಿಗೆ ಹೋದೆ. ಕಾಮಾಲೆಯ ಲೆಕ್ಕ ಎಲ್ಲಿ ಮಾಡುತ್ತಾರೆ ಎಂದು ಕೇಳಿದಾಗ ಜವಾನ ಬೇವಿನ ಮರದ ಹಿಂದಿನ ಕೋಣೆ ತೋರಿಸಿದ. ಒಳಗೆ ಉದ್ದನೆಯ ಮೇಜು, ಗಾಳಿಗಿಂತ ಸದ್ದು ಹೆಚ್ಚು ಮಾಡುವ ಫ್ಯಾನು, ತಲೆ ತಗ್ಗಿಸಿ ಕುಳಿತ ಡಾಕ್ಟರುಗಳು. ನಡುವೆ ಚನ್ನವೀರಮ್ಮ, ಕೈಯಲ್ಲಿ ಅದೇ ಕಡ್ಡಿ. ಉಣ್ಣೆ ಮಾತ್ರ ಎಲ್ಲೂ ಕಾಣಲಿಲ್ಲ.

ಇದ್ದದ್ದು ಕಾರ್ಡುಗಳು. ಒಬ್ಬ ರೋಗಿಗೆ ಒಂದು ಕಾರ್ಡು, ಅದರ ಅಂಚಿನ ಸುತ್ತ ಸಾಲಾಗಿ ತೂತುಗಳು. ಒಂದೊಂದು ವಯಸ್ಸಿಗೆ, ಒಂದೊಂದು ಊರಿಗೆ, ಒಂದೊಂದು ರೋಗಕ್ಕೆ ಒಂದೊಂದು ತೂತು. ರೋಗಿಗೆ ಹೊಂದುವ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ಆಮೇಲೆ ಕಾರ್ಡುಗಳನ್ನೆಲ್ಲ ಜೋಡಿಸಿ ಕಾಮಾಲೆಯ ತೂತಿಗೆ ಕಡ್ಡಿ ತೂರಿಸಿ ಎತ್ತಿದರೆ ಕಾಮಾಲೆಯವರ ಕಾರ್ಡುಗಳಷ್ಟೇ ಮೇಜಿನ ಮೇಲೆ ಉದುರುತ್ತಿದ್ದವು. ಕಂಪ್ಯೂಟರು ಎಂಬುದು ಎಲ್ಲೋ ತಂಪಾದ ಕೋಣೆಯಲ್ಲಿ ಇರುತ್ತದಂತೆ ಎಂದು ನಾವು ಕೇಳಿದ್ದೆವು, ಅಷ್ಟೇ. ಬಳ್ಳಾರಿಯಲ್ಲಿ ಅದರ ಕೆಲಸವನ್ನು ಸ್ವೆಟರ್ ಕಡ್ಡಿ ಮಾಡುತ್ತಿತ್ತು.

ಚನ್ನವೀರಮ್ಮ ಡಾಕ್ಟರಲ್ಲ, ಸಂಖ್ಯಾಶಾಸ್ತ್ರ ಓದಿದವರು. ಎಂ.ಡಿ. ಓದುವವರು, ಮುಗಿಸಿ ಸಂಶೋಧನೆಗೆಂದು ಉಳಿದವರು, ಯಾರೇ ಇರಲಿ, ಪ್ರಬಂಧ ಬರೆಯುವ ಮುನ್ನ ಅವರ ಕೈಕೆಳಗೆ ಪಳಗಬೇಕಿತ್ತು. ಮೊದಲ ವಾರ ಕಾರ್ಡು ಮುಟ್ಟಗೊಡುತ್ತಿರಲಿಲ್ಲ. ಚೀಟಿ ಮಾಡಿಸುವ ಸರದಿಯಲ್ಲಿ ರೋಗಿಗಳ ನಡುವೆ ನಿಂತು, ಯಾರು ಏನು ಹೇಳುತ್ತಾರೆ, ಗುಮಾಸ್ತ ಏನು ಬರೆದುಕೊಳ್ಳುತ್ತಾನೆ ಎಂದು ಕೇಳಿಸಿಕೊಂಡು ಬರಬೇಕು. ಕೊರಳಲ್ಲಿ ಸ್ಟೆತಸ್ಕೋಪು ಇರಬಾರದು. ಈ ಕೊನೆಯ ಷರತ್ತೇ ಆ ಡಾಕ್ಟರುಗಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತಂತೆ.

ಕಾಮಾಲೆಯ ಪ್ರಬಂಧ ಬರೆದ ಗವಿಸಿದ್ದಪ್ಪನಿಗೆ ಆ ವಾರ ತಪ್ಪಿತ್ತು. ಸಮಯ ಕಡಿಮೆ ಇದೆ ಎಂದು ಮುಖ್ಯಸ್ಥರೇ ವಿನಾಯಿತಿ ಕೊಡಿಸಿದ್ದರು. ನಾನು ಮನವಿ ಹಿಡಿದು ಕುಳಿತಿದ್ದಾಗಲೇ ಅವನು ಪ್ರಬಂಧ ತಂದು ಮೇಜಿನ ಮೇಲಿಟ್ಟ.

"ಮೇಡಂ, ನಿಮ್ಮ ಸಹಿ ಒಂದು ಬಾಕಿ ಐತ್ರಿ. ಶನಿವಾರ ಕಡೀ ದಿನ. ತಪ್ಪಿದ್ರ ಪರೀಕ್ಷಿ ಆರು ತಿಂಗಳು ಮುಂದಕ್ಕ ಹೋಗತೈತಿ."

"ಪಾರ್ವತಿನಗರದಾಗ ಇಷ್ಟು ಮಂದಿಗೆ ಕಾಮಣಿ ಆಗಿದ್ರ ಇಷ್ಟೊತ್ತಿಗೆ ನಾನೂ ಹಳದಿ ಆಗಿರಬೇಕಿತ್ತಲ್ಲಪ. ನೀ ಅಲ್ಲೇ ಇರತಿ. ಓಣ್ಯಾಗ ಯಾರನ್ನರ ನೋಡೀಯೇನು?"

"ಇಲ್ರಿ. ಆದ್ರ ಕಾರ್ಡು ಹಂಗ ಹೇಳತಾವ್ರಿ."

"ಕಾರ್ಡಿಗೆ ಬಾಯಿಲ್ಲ, ನಿನಗೈತಿ. ನಿಂದು ಯಾವೂರು?"

"ಬಳ್ಳಾರಿ ರೀ."

"ಮನಿ?"

"ಪಾರ್ವತಿನಗರ. ಸೋದರಮಾವನ ಮನಿ."

"ಅವ್ವ, ಅಪ್ಪ?"

ಗವಿಸಿದ್ದಪ್ಪ ತನ್ನ ಬೂಟು ನೋಡಿಕೊಂಡ. "ಕುರುಗೋಡಿನ್ಯಾಗ ಅದಾರ್ರಿ."

"ಮತ್ತ ಬಳ್ಳಾರಿ ಅಂತ ಯಾಕ ಅಂದಿ?"

"ಹಳ್ಳಿ ಕಡೇರು ಅಂದ್ರ ಮಂದಿ ಸಸಾರ ಮಾಡ್ತಾರ್ರಿ, ಮೇಡಂ."

ಚನ್ನವೀರಮ್ಮ ಉದುರಿದ್ದ ಕಾರ್ಡುಗಳಲ್ಲಿ ಪಾರ್ವತಿನಗರ ಎಂದಿದ್ದ ಒಂದನ್ನು ಅವನ ಮುಂದೆ ಸರಿಸಿದರು. ಅವನು ಅದನ್ನು ನೋಡುತ್ತ ನಿಂತ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ತಿಂಗಳು ಸಿರುಗುಪ್ಪದ ಆಚೆಯ ಹಳ್ಳಿಯಿಂದ ನಮ್ಮ ಚಿಕ್ಕಮ್ಮ ಶಿವಬಸಮ್ಮ ಕಾಮಾಲೆಯೆಂದು ಬಂದು ನಮ್ಮಲ್ಲೇ ಉಳಿದಿದ್ದರು. ಚೀಟಿ ಮಾಡಿಸಲು ಹೋಗಿದ್ದವನು ನಾನೇ. ಪೇಟೆ ವಿಳಾಸ ಕೊಟ್ಟರೆ ಡಾಕ್ಟರು ಬೇಗ ನೋಡುತ್ತಾರೆ, ಹಳ್ಳಿಯದಾದರೆ ಕಾಯಿಸುತ್ತಾರೆ ಎಂಬುದು ನಮ್ಮ ಕಡೆಯವರೆಲ್ಲರ ನಂಬಿಕೆ. ನನ್ನ ಮನೆಯ ನಂಬರನ್ನೇ ಠೀವಿಯಿಂದ ಬರೆಸಿದ್ದೆ. ಆ ಕಡೆಯ ನೆಂಟರಿದ್ದ ನಮ್ಮ ಬಡಾವಣೆಯ ಉಳಿದ ಮನೆಯವರೂ ಹೀಗೇ ಬರೆಸಿರಬೇಕು ಎಂದು ಅಲ್ಲೇ ಬಾಯಿಬಿಟ್ಟೆ.

ಅಷ್ಟರಲ್ಲಿ ಮುಖ್ಯಸ್ಥರು ಬಂದರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು.

"ಚನ್ನವೀರಮ್ಮನವರೇ, ನಾನು ಕ್ಲಬ್ಬಿನಲ್ಲಿ ಮಾತಾಡಿ ಆಗಿದೆ."

"ಆಡಿದ್ದನ್ನ ವಾಪಸ್ ತರಾಕ ಆಗಂಗಿಲ್ರಿ ಸರ್. ನನ್ನ ಸಹಿ ಇನ್ನೂ ಪೆನ್ನಿನಾಗ ಐತಿ."

"ಹುಡುಗನ ಭವಿಷ್ಯ ನೋಡಿ."

"ಅವನ್ನ ಕೇಳ್ರಿ."

ಗವಿಸಿದ್ದಪ್ಪ ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು, "ಈಗ ಸಿರುಗುಪ್ಪದ ಬಸ್ಸು ಐತೇನ್ರಿ?" ಎಂದು ನನ್ನನ್ನು ಕೇಳಿದ. ಕಾಲೇಜಿಗೆ ಕಾಲಿಟ್ಟಾಗಿನಿಂದ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಶನಿವಾರ ಬಂತು, ಹೋಯಿತು. ಅವನು ಮೊದಲು ಪಾರ್ವತಿನಗರದ ಮನೆಮನೆಗೂ ಹೋಗಿ, ನಿಮ್ಮಲ್ಲಿ ಉಳಿದಿದ್ದ ರೋಗಿ ಯಾವ ಊರಿನವರು ಎಂದು ಕೇಳಿದ. ಬಳಿಕ ಸಿರುಗುಪ್ಪದ ಕಡೆಗೆ, ಕುರುಗೋಡಿನ ಕಡೆಗೆ ಬಸ್ಸಿನಲ್ಲಿ ಅಲೆದ. ಹೊಸ ಕಾರ್ಡುಗಳಲ್ಲಿ ನಿಜವಾದ ಊರಿನ ತೂತು ಕತ್ತರಿಸಿ ಮತ್ತೆ ಕಡ್ಡಿ ಎತ್ತಿದಾಗ ಕುರುಗೋಡಿನವು ಕೆಲವೇ ಉದುರಿದವು. ಉಳಿದವೆಲ್ಲ ಸಿರುಗುಪ್ಪದ ಆಚೆ, ಕಾಲುವೆಯಿಂದ ತುಂಬುವ ಒಂದೇ ಕೆರೆಯ ನೀರು ಕುಡಿಯುವ ಹಳ್ಳಿಗಳವು. ಅಲ್ಲಿ ಕೆರೆಗೆ ಔಷಧಿ ಹಾಕಿಸಿದರು, ನೀರು ಕಾಯಿಸಿ ಕುಡಿಯಿರೆಂದು ಡಂಗುರ ಹೊಡೆಸಿದರು. ಮಳೆಗಾಲದ ಹೊತ್ತಿಗೆ ಕಾಮಾಲೆ ಇಳಿಯಿತು. ಗವಿಸಿದ್ದಪ್ಪ ಆರು ತಿಂಗಳು ತಡವಾಗಿ ಪಾಸಾದ.

ಮುಂದೆ ಎಂಬತ್ತರ ದಶಕದಲ್ಲಿ ಆ ಕೋಣೆಗೆ ಕಂಪ್ಯೂಟರು ಬಂತು. ಅದಕ್ಕೆ ಪರದೆ, ಬೀಗ, ಚಪ್ಪಲಿ ಹೊರಗೆ ಬಿಡಬೇಕೆಂಬ ಫಲಕ, ದೇವರ ಕೋಣೆಯ ಎಲ್ಲ ಮರ್ಯಾದೆಗಳೂ ಬಂದವು. ಅದಕ್ಕೂ ಮುಂಚೆ ಸಂಜೆ ಹೊತ್ತು ನಾನು ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸುತ್ತಿದ್ದರು. ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಿದವನಿಗೆ, ಅವನು ಎಷ್ಟೇ ದೊಡ್ಡ ಡಾಕ್ಟರಾಗಿರಲಿ, ಬೈಗುಳ ತಪ್ಪುತ್ತಿರಲಿಲ್ಲ. ಕಡ್ಡಿ ಎತ್ತಿದಾಗ ಕಾರ್ಡುಗಳು ಉದುರುವ ಮೆತ್ತನೆಯ ಸದ್ದು, ಆಗ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸುವುದು, ಯಾರೋ ಒಬ್ಬರು ಮೆಲ್ಲಗೆ "ನೋಡ್ರಿಲ್ಲಿ" ಎನ್ನುವುದು. ಅಂಥ ಸಂಜೆಗಳು ಮತ್ತೆ ಸಿಗಲಿಲ್ಲ.

ಕಾಮಾಲೆ ಇಳಿದ ವರ್ಷವೇ ನಮ್ಮ ಸಂಘ ಚನ್ನವೀರಮ್ಮನವರಿಗೆ ಸನ್ಮಾನ ಮಾಡಿತು. ಬಡಾವಣೆಯ ಕಳಂಕ ತೊಳೆದ ಮಹಾತಾಯಿ ಎಂದು ನಾನು ಅರ್ಧ ಗಂಟೆ ಮಾತಾಡಿದೆ. ಸೆಕೆಯಲ್ಲಿ ಶಾಲು ಹೊದ್ದು ಅವರು ಬೆವರುತ್ತಿದ್ದರು. ಕೊನೆಗೆ ನಾನು ಮೈಕನ್ನು ಅವರ ಬಾಯಿಗೆ ಹಿಡಿದು ಕೇಳಿದೆ: "ಮೇಡಂ, ನಮ್ಮ ಪಾರ್ವತಿನಗರದ ಮಾನ ಉಳಿಸಾಕ ಇಷ್ಟು ಗುದ್ದಾಡಿದ್ರಿ. ನಮ್ಮ ಬಡಾವಣಿ ಮ್ಯಾಲೆ ನಿಮಗ ಇಷ್ಟು ಅಭಿಮಾನ ಹೆಂಗ ಬಂತು?"

"ನಿಮ್ಮ ಮಾನ ಯಾರಿಗೆ ಬೇಕಾಗಿತ್ರಿ?" ಎಂದರು ಚನ್ನವೀರಮ್ಮ. "ಸಿರುಗುಪ್ಪದ ಕಡೀಗೆ ಕಾಮಣಿಯಾಗಿ ಬಸುರೇರು ಸಾಯಾಕ ಹತ್ತಿದ್ರು."