ಮಲಗಲೊಲ್ಲದ ಗೆರೆ

ಹೀರೇಕಾಯಿ ಹೆರೆಯುತ್ತ ಕುಳಿತಿದ್ದೆ, ಸೊಸೆ ಗಿರಿಜಾಳ ಫೋನು ಬಂತು. ಸಂಶೋಧನೆಯ ಸರ್‌ಗೆ ಕೆಲಸ ತೋರಿಸಲೆಂದು ಬೆಳಗಿನ ಬಸ್ಸಿಗೆ ದಾಂಡೇಲಿಯಿಂದ ಧಾರವಾಡಕ್ಕೆ ಹೋಗಿದ್ದಳು.

“ಅತ್ತೀ, ಗೆರಿ ಮಲಗವಲ್ದು.”

ಚಾಕು ಕೈಯಲ್ಲೇ ನಿಂತಿತು. ನಾನು ಓದಿದ್ದು ಹತ್ತನೆಯ ಇಯತ್ತೆ. ಆದರೂ ಎರಡು ವರ್ಷ ಒಂದೇ ಒಲೆಯ ಮುಂದೆ ಅವಳ ಜೊತೆ ನಿಂತವಳಿಗೆ ಗೆರೆಯ ಸಂಗತಿ ತಿಳಿಯದೆ ಇರುತ್ತದೆಯೇ?

ನಮ್ಮ ಮೈಯೊಳಗಿನ ಪ್ರೋಟೀನು ಒಂದು ಕ್ಷಣ ಸುಮ್ಮನಿರುವುದಿಲ್ಲವಂತೆ. ಮಡಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಗಿರಿಜಾ ಆ ಕುಣಿತವನ್ನು ಕಂಪ್ಯೂಟರಿನಲ್ಲಿ ಆಡಿಸಿ, ಅದರ ಚಿತ್ರಗಳನ್ನು ಒಂದರ ಹಿಂದೊಂದು ಉಳಿಸಿಕೊಳ್ಳುತ್ತಾಳೆ. ಅವುಗಳ ಮೇಲೆ ಮಾರ್ಕೋವ್ ಎಂಬ ಲೆಕ್ಕ. ಈಗ ಯಾವ ಭಂಗಿಯಲ್ಲಿದೆ ಎಂಬುದನ್ನಷ್ಟೇ ನೋಡಿ ಮುಂದಿನದನ್ನು ಹೇಳಬೇಕು, ಹಿಂದೆ ಎಲ್ಲಿತ್ತು ಎಂದು ಕೇಳುವಂತಿಲ್ಲ. ಹಿಂದಿನದನ್ನು ಬಿಟ್ಟು ಲೆಕ್ಕ ಹಾಕುವವರನ್ನು ನಾನಂತೂ ನಮ್ಮ ಓಣಿಯಲ್ಲಿ ಕಂಡಿಲ್ಲ.

ಆ ಲೆಕ್ಕ ನಂಬಿಕೆಯದೋ ಅಲ್ಲವೋ ತಿಳಿಯಲು ಒಂದು ನಕ್ಷೆ. ಅಡ್ಡಕ್ಕೆ, ಎಷ್ಟು ಹೊತ್ತಿಗೊಮ್ಮೆ ನೋಡಿದೆವು ಎಂಬುದು. ಉದ್ದಕ್ಕೆ, ಪ್ರೋಟೀನು ಬಿಚ್ಚಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹೇಳಿತು ಎಂಬುದು. ಸೂಪಾ ಅಣೆಕಟ್ಟಿನ ನೀರನ್ನು ಗಳಿಗೆಗೊಮ್ಮೆ ಇಣುಕಿದರೆ ತೆರೆಗಳೇ ಕಣ್ಣಿಗೆ ಮೋಸ ಮಾಡುತ್ತವೆ. ದಿನಕ್ಕೊಮ್ಮೆ ನೋಡಿ, ಎರಡು ದಿನಕ್ಕೊಮ್ಮೆ ನೋಡಿ, ನೀರು ಇಳಿಯಲು ಹಿಡಿಯುವ ಕಾಲ ಅಷ್ಟೇ ಇರುತ್ತದೆ. ಹಾಗೆಯೇ ಗೆರೆ ಮೊದಲು ಏರಿ ಆಮೇಲೆ ಮಟ್ಟಸವಾಗಿ ಮಲಗಬೇಕು. ಏರುತ್ತಲೇ ಹೋದರೆ ಲೆಕ್ಕ ಕೆಟ್ಟಿದೆ ಎಂದು ಅರ್ಥ.

“ಸರ್ ಏನಂದ್ರು?”

“ಸಂಜಿಮಟ ನೋಡು, ಇಲ್ಲಂದ್ರ ಈ ಅಧ್ಯಾಯನ ಬಿಟ್ಟುಬಿಡು ಅಂದ್ರು. ಎರಡು ವರ್ಷದ ಕೆಲಸರಿ ಅತ್ತೀ.”

ಸಮಾಧಾನ ಹೇಳಲು ನನಗೆ ಬರುವುದು ಒಂದೇ ಶಾಸ್ತ್ರ. ದೇವರ ಜಗಲಿಯ ಪಕ್ಕ ವರ್ಷಕ್ಕೊಂದು ಗಾಜಿನ ಭರಣಿ ಇಡುತ್ತೇನೆ. ಶಿವ ಮಾಡಿದ ಸಣ್ಣ ಉಪಕಾರ ಒಂದೊಂದಕ್ಕೂ ಒಂದು ಗುಲಗಂಜಿ. ಸಿಲಿಂಡರು ಮುಗಿದ ದಿನವೇ ಗಾಡಿ ಬಂದರೆ ಒಂದು. ಮಂಗಗಳು ಬಂದು ಹೋದ ಮೇಲೂ ಮಾಳಿಗೆಯ ಹಪ್ಪಳ ಉಳಿದಿದ್ದರೆ ಒಂದು.

“ನಿಮ್ಮ ಮಾವಾರ ಕಾಲು ಮುರದ ವರ್ಷ ಭರಣಿ ತಳನೂ ಮುಚ್ಚಿರಲಿಲ್ಲ ನೋಡವಾ. ಶಿವ ನಮ್ಮನ್ನ ಮರತಾನಂತ ಅತ್ತಿದ್ದೆ. ಆಮ್ಯಾಲ ತಿಳೀತು, ದಣದು ದಣದು ನಾನ ವಾರಕ್ಕೊಂದು ಕಾಳು ಹಾಕಿದ್ದೆ. ಅವ ಏನೂ ಕಡಿಮಿ ಮಾಡಿರಲಿಲ್ಲ.”

‘ವಾರಕ್ಕೊಂದು’ ಎಂಬ ಮಾತನ್ನು ಗಿರಿಜಾ ಗಪ್ಪನೆ ಹಿಡಿದಳು.

“ಅತ್ತೀ, ದೀಪಾವಳಿಗೆ ಹಾರ್ಡ್ ಡಿಸ್ಕ್ ತುಂಬಿತ್ತಲ್ಲ, ಆವಾಗ ನೀವು ಏನಂದಿದ್ರಿ?”

‘ಎಲ್ಲಾ ಯಾಕ ಇಟ್ಗೋತಿ, ಹತ್ತರಾಗ ಒಂದು ಇಟ್ಟು ಉಳದದ್ದು ಬಿಡು’ ಅಂದಿದ್ದೆ. ಹೀರೇಕಾಯಿಯ ಸಿಪ್ಪೆಯನ್ನೂ ಬಿಸಾಡದ ನಾನು. ಹಿರಿಯರ ಮಾತೆಂದು ಅವಳು ಅಂದಿನಿಂದ ಹತ್ತಕ್ಕೊಂದೇ ಚಿತ್ರ ಉಳಿಸಿದ್ದಳಂತೆ. ಆಮೇಲೆ ಮರೆತು, ಹಳೆಯದನ್ನೂ ಹೊಸದನ್ನೂ ಒಂದೇ ಅಂತರದವೆಂಬಂತೆ ಲೆಕ್ಕಕ್ಕೆ ಸೇರಿಸಿದ್ದಳಂತೆ. ದಿನದ ಕಾಳೂ ವಾರದ ಕಾಳೂ ಒಂದೇ ಭರಣಿಗೆ ಬಿದ್ದ ಹಾಗೆ.

ಬಚ್ಚಲು, ಒಲೆ, ಜಗಲಿ ಬಿಟ್ಟು ಬೇರೆ ಕಡೆ ನನ್ನ ಮಾತು ನಡೆದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಡೆದದ್ದು ನೋಡಿದರೆ ಹೀಗೆ.

“ನನ್ನ ನಾಲಿಗಿ ಸುಡ್ಲಿ. ಎಲ್ಲಾ ಹೋತೇನ?”

“ಏನೂ ಹೋಗಿಲ್ರಿ. ಹಳೇದ್ರಾಗೂ ಹತ್ತಕ್ಕೊಂದು ಆರಿಸಿ ಮತ್ತ ಗೆರಿ ಹಾಕ್ತೇನಿ. ಇನ್ನ ಮ್ಯಾಲ ನಿಮ್ಮ ಶಾಸ್ತ್ರ ಹಪ್ಪಳಕ್ಕಷ್ಟ ಇರ್ಲಿ, ಅತ್ತೀ.”

ಆಮೇಲೆ ನನಗೆ ಯಾವ ಕೆಲಸವೂ ಹತ್ತಲಿಲ್ಲ. ಗಳಿಗೆಗೊಮ್ಮೆ ನೋಡಿದರೆ ತೆರೆಯಷ್ಟೇ ಕಾಣುವುದೆಂದು ಗೊತ್ತಿದ್ದೂ ಗಳಿಗೆಗೊಮ್ಮೆ ಫೋನು ನೋಡಿದೆ. ಸಂಜೆ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಚಿತ್ರ ಬಂತು. ನೀಲಿ ಗೆರೆ ಸ್ವಲ್ಪ ಏರಿ, ಹಾಲು ಕುಡಿದ ಕೂಸಿನಂತೆ ಉದ್ದಕ್ಕೂ ಮಲಗಿತ್ತು. ಕೆಳಗೆ ಒಂದೇ ಮಾತು: “ಮಲಗಿತ್ರಿ.”

ಈ ವರ್ಷದ ಭರಣಿಗೆ ಒಂದು ಗುಲಗಂಜಿ ಹಾಕಿದೆ. ಕಾಲು ಮುರಿದ ವರ್ಷದ ಭರಣಿ ಹಿಂದೆ ಮೂಲೆಯಲ್ಲಿ ಬಹುಪಾಲು ಬರಿದಾಗಿ ಕಂಡಿತು. ಅದಕ್ಕೆ ಇನ್ನು ಕಾಳು ತುಂಬುವಂತಿಲ್ಲ. ಚೀಟಿಯ ಮೇಲೆ ‘ವಾರಕ್ಕೊಂದು’ ಎಂದು ಬರೆದು ಅದರ ಮುಚ್ಚಳಕ್ಕೆ ಅಂಟಿಸಿದೆ. ಆಮೇಲೆ ಹೀರೇಕಾಯಿಯ ಸಿಪ್ಪೆಯನ್ನು, ಒಂದು ಚೂರೂ ಬಿಡದೆ, ಚಟ್ನಿಗೆಂದು ಬಾಣಲೆಗೆ ಹಾಕಿ ಹುರಿಯತೊಡಗಿದೆ.