ಇಳಿಜಾರು ಹಿಡಿದರೆ ಹೊಳೆ

ನಮ್ಮ ಮನೆ ಬಾಗಲಕೋಟೆಯ ನವನಗರದ ಒಂದು ಸೆಕ್ಟರಿನಲ್ಲಿದೆ. ಯಾವ ಸೆಕ್ಟರು ಎಂದು ನಮ್ಮ ಅವ್ವನನ್ನು ಕೇಳಬೇಡಿ, ಅವಳು ನಂಬರು ಹೇಳುವವಳಲ್ಲ. “ಹಿಟ್ಟಿನ ಗಿರಣಿ ದಾಟಿ, ಟಾಕೀಜ್ ಮುಂದ ಹಾಯ್ದು, ದೊಡ್ಡ ಬೇವಿನ ಗಿಡದ ಹತ್ರ ಎಡಕ್ಕ ಹೊಳ್ಳರಿ” ಎನ್ನುತ್ತಾಳೆ. ಗಿರಣಿ, ಟಾಕೀಜು, ಬೇವಿನ ಗಿಡ ಎಲ್ಲವೂ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷಗಳಾದವು. ಒಮ್ಮೆ ಗ್ಯಾಸ್ ಸಿಲಿಂಡರ್ ತರುವವನು ಫೋನಿನಲ್ಲಿ ಈ ಗುರುತು ಕೇಳಿ ತಲೆಕೆಟ್ಟು, “ಅಜ್ಜಿ, ನೀವು ಯಾವ ಊರಾಗ ಅದೀರಿ?” ಎಂದ. “ಬಾಗಲಕೋಟ್ಯಾಗ ಅದೀನಿ. ನೀ ಯಾವ ಊರಾಗ ಅದಿ?” ಎಂದು ಅವ್ವ ಫೋನ್ ಇಟ್ಟಳು. ಎರಡು ದಿನ ಸೀಮೆಎಣ್ಣೆ ಸ್ಟವ್ ಹಚ್ಚಿ ಅಡುಗೆ ಮಾಡಿದವಳು ಮಾತ್ರ ನಾನು.

ಹಳೇ ಊರಿನಲ್ಲಿ ನಮ್ಮದು ಹೊಳೆಗೆ ಹತ್ತಿರದ ಓಣಿ. ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಗೊಂದು ಕಿಂಡಿ. ಬಾಜೂ ಮನೆಯವರದು ಬಳೆ ವ್ಯಾಪಾರ. ಆ ಮನೆಯಾಕೆಯನ್ನು ನಾನು ಚಾಚಿ ಎನ್ನುತ್ತಿದ್ದೆ. ಅವ್ವ ಮತ್ತು ಚಾಚಿ ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ‘ಅಕ್ಕಾ’ ಎನ್ನುತ್ತಾರೆ. ಆ ಕಿಂಡಿಯಲ್ಲಿ ಖಾರಬ್ಯಾಳಿ, ಶಾವಿಗೆ, ಓಣಿಯ ಸುದ್ದಿ ಎಲ್ಲ ಹಾಯ್ದು ಹೋಗುತ್ತಿದ್ದವು. ಸೀತಾಫಲದ ಕಾಲ ಬಂತೆಂದರೆ ಇಬ್ಬರೂ ಮೀಟರ್‌ಗೇಜ್ ಗಾಡಿ ಹತ್ತಿ ಬಾದಾಮಿಗೆ ಹೋಗಿ ಬುಟ್ಟಿ ತುಂಬಿಕೊಂಡು ಬರುತ್ತಿದ್ದರು. ಆ ಗಾಡಿ ಎಷ್ಟು ನಿಧಾನವೆಂದರೆ ಊರು ಮುಟ್ಟುವುದರೊಳಗೆ ಅರ್ಧ ಬುಟ್ಟಿ ಖಾಲಿಯಾಗಿರುತ್ತಿತ್ತು. ಆಮೇಲೆ ಹಳಿ ಅಗಲವಾಯಿತು, ಸಣ್ಣ ಗಾಡಿ ಹೋಯಿತು. ಓಣಿಯೂ ಹೋಯಿತು.

ಮುಳುಗಡೆಯಾದಾಗ ಒಂದೇ ಓಣಿಯವರಿಗೆ ಒಂದೊಂದು ದಿಕ್ಕಿಗೆ ಜಾಗ ಸಿಕ್ಕಿತು. ನಾವು ನವನಗರದ ಈ ತುದಿಗೆ, ಚಾಚಿ ಆ ತುದಿಗೆ. ನಾನು ಸ್ಕೂಟರಿನಲ್ಲಿ ಆಗೊಮ್ಮೆ ಈಗೊಮ್ಮೆ ಅವ್ವನನ್ನು ಕರೆದೊಯ್ಯುತ್ತಿದ್ದೆ. ಅವ್ವನಿಗೆ ಅದು ಲೆಕ್ಕಕ್ಕೇ ಇಲ್ಲ. “ಮೊದಲ ಫೋನ್ ಮಾಡಿ, ಸ್ಕೂಟರ್ ಮ್ಯಾಲ ಕುಂತು ಹೋಗೂದು ಬೀಗರ ಮನಿಗೆ. ಬಾಜೂ ಮನಿಗೆ ಹಂಗ ಹೋಗ್ತಾರೇನ? ಸೆರಗಿಗೆ ಕೈ ಒರಿಸ್ಕೋತ ಹೋಗಬೇಕು” ಎನ್ನುತ್ತಿದ್ದಳು.

ಹಾಗೆ ಕೈ ಒರೆಸಿಕೊಳ್ಳುತ್ತಲೇ ಹೋದ ವರ್ಷ ಒಂದು ದಿನ ಹೊರಟಳು. ಈ ಸೆಕ್ಟರುಗಳಲ್ಲಿ ಎಲ್ಲ ತಿರುವೂ ಒಂದೇ ನಮೂನೆ. ದಾರಿ ತಪ್ಪಿ, ಬಿಸಿಲಿನಲ್ಲಿ ಅಲೆದವಳನ್ನು ಗುರುತಿನ ಆಟೋದವರೊಬ್ಬರು ಮನೆಗೆ ತಂದು ಬಿಟ್ಟರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಂದಿನಿಂದ ಅವ್ವ ಹೊಸ್ತಿಲು ದಾಟುವುದನ್ನೇ ಬಿಟ್ಟಳು.

ಮೊದಮೊದಲು ನನಗೆ ನೆಮ್ಮದಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವ್ವ ಗುಡಿಗೂ ಹೋಗಲಿಲ್ಲ, ಕಟ್ಟೆಗೂ ಬರಲಿಲ್ಲ. ಮಂಚವೇ ಊರಾಯಿತು. ಮೊಣಕಾಲು ಬಿಗಿಯತೊಡಗಿದವು. ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಇವ್ರು ದಿನಾ ಅಡ್ಡಾಡಬೇಕ್ರಿ. ಇಲ್ಲಂದ್ರ ಇನ್ನ ಕಾಯಂ ಹಾಸಿಗಿನ” ಎಂದರು. ಅಂದಿನಿಂದ ನಾನು ಕೈಮುಗಿದು ಕರೆಯುವುದು, ಅವ್ವ ಗೋಡೆ ಕಡೆ ಹೊರಳುವುದು. “ಎಲ್ಲಿಗಂತ ನಡೀಲಿ? ಇಲ್ಲಿ ನನ್ನ ದಾರಿ ಒಂದೂ ಇಲ್ಲ” ಎಂದಳು.

ಮೊನ್ನೆ ಶ್ರಾವಣದಲ್ಲಿ ಒಂದು ಸಂಜೆ ಶಾಲೆಯಿಂದ ಬಂದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಮಂಚ ಖಾಲಿ, ಚಪ್ಪಲಿ ಇಲ್ಲ. ಮೊದಲು ನೆನಪಾದದ್ದೇ ಚಾಚಿಯ ಮನೆ, ಸ್ಕೂಟರ್ ಅತ್ತ ಓಡಿಸಿದೆ. ಚಾಚಿ ಬಾಗಿಲಲ್ಲೇ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಅವ್ವ ಅಲ್ಲಿಗೆ ಬಂದಿರಲಿಲ್ಲ.

ನಾನು ಅಳುವುದಕ್ಕೆ ಶುರುಮಾಡಿದೆ. ಚಾಚಿ ಮೊರ ಬದಿಗಿಟ್ಟರು.

“ಯಾಕ ಅಳ್ತಿ? ಸಣ್ಣಾಕಿ ಇದ್ದಾಗ ಸಂತ್ಯಾಗ ಕಳದು ಹೋಗಿದ್ದಿ, ನೆನಪೈತಿಲ್ಲೋ? ಆವಾಗ ನೀ ಏನ ಮಾಡಿದಿ?”

ನೆನಪಿತ್ತು. ನಮ್ಮ ಓಣಿಯ ಮಕ್ಕಳಿಗೆಲ್ಲ ಹೇಳಿಕೊಟ್ಟ ಒಂದೇ ಪಾಠವದು: ದಾರಿ ತಪ್ಪಿದರೆ ಯಾರನ್ನೂ ಕೇಳಬೇಡ, ಇಳಿಜಾರು ಹಿಡಿ. ಹಳೇ ಊರಿನ ಓಣಿಗಳೆಲ್ಲ ಹೊಳೆಗೇ ಇಳಿಯುತ್ತಿದ್ದವು. ಹೊಳೆ ಮುಟ್ಟಿದರೆ ದಂಡೆ ಹಿಡಿದು ಮನೆಗೆ ಬರಬಹುದಿತ್ತು.

“ಆಕಿ ಇಳಿಜಾರ ಹಿಡಿದಿರ್ತಾಳ. ಖರೆ ಹೇಳ್ತೇನಿ, ಹೋಗಿ ನೋಡು” ಎಂದರು ಚಾಚಿ.

“ನೀವು ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ, ಇನ್ನೊಬ್ರನ್ನ ಹುಡುಕೋ ತಾಕತ್ತು ನನಗಿಲ್ಲ” ಎಂದು ಹೇಳಿ ಹೊರಟೆ.

ನಮ್ಮ ಮನೆಗೆ ವಾಪಸ್ಸು ಬಂದು, ಅಲ್ಲಿಂದ ನೀರು ಹರಿಯುವ ಕಡೆಗೆ ಸ್ಕೂಟರ್ ಬಿಟ್ಟೆ. ಪ್ರತಿ ತಿರುವಿನಲ್ಲೂ ತಗ್ಗು ಯಾವ ಕಡೆಗಿದೆ ಎಂದಷ್ಟೇ ನೋಡಿದೆ. ಇಷ್ಟು ವರ್ಷ ಆ ರಸ್ತೆಗಳಲ್ಲಿ ಓಡಾಡಿದರೂ ಅವುಗಳಿಗೆ ಇಳಿಜಾರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಗಳು ಮುಗಿದು ಜಾಲಿ ಕಂಟಿ ಶುರುವಾಗುವಲ್ಲಿ ಒಂದು ಚಹಾದಂಗಡಿ ಇತ್ತು. ಅಲ್ಲಿಂದ ದೂರದಲ್ಲಿ ಹಿನ್ನೀರು ಕಾಣುತ್ತದೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಅವ್ವ ಕುಳಿತು ಬಸಿಯಲ್ಲಿ ಚಹಾ ಊದುತ್ತಿದ್ದಳು. ಅವಳ ಆಚೆ ಈಚೆ ಇನ್ನೂ ನಾಲ್ಕಾರು ಮುದುಕ ಮುದುಕಿಯರು. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಟಾಕೀಜಿನ ಮುಂದೆ ಗಿರಮಿಟ್ ಮಾರುತ್ತಿದ್ದವನು ಯಾರು ಎಂಬುದರ ಬಗ್ಗೆ ಜಗಳ ನಡೆದಿತ್ತು.

ಅಂಗಡಿಯವನು ಪಕ್ಕದ ಶಿರೂರಿನವನು. ನನ್ನ ಮುಖ ನೋಡಿಯೇ ನಕ್ಕ. “ಗಾಬರಿ ಆಗಬ್ಯಾಡ್ರಿ ಅಕ್ಕಾರ. ಹಳೇ ಊರಿನವ್ರು ದಾರಿ ತಪ್ಪಿದ್ರ ಇಲ್ಲಿಗೇ ಬಂದು ಮುಟ್ತಾರ. ಇವ್ರೆಲ್ಲಾ ಹಂಗ ಬಂದಾವ್ರು. ಈಗ ಬೇಕಂತ ಬರ್ತಾರ.”

ಬೈಯಬೇಕೆಂದು ಬಾಯಿ ತೆರೆದವಳು ಅವ್ವನ ಮುಖ ನೋಡಿ ಸ್ಕೂಟರ್ ಬಂದ್ ಮಾಡಿದೆ. ಎಷ್ಟು ತಿಂಗಳಾಗಿತ್ತೋ ಆ ಮುಖ ನೋಡಿ.

“ಯಾಕ್ ಬಂದಿ?” ಎಂದಳು ಅವ್ವ.

“ಕರ್ಕೊಂಡ ಹೋಗಾಕ. ಎಲ್ಲಿಗೆ ಹೊಂಟಿದ್ದಿ?”

“ಅಕ್ಕನ ಮನಿಗೆ. ಹೊಳಿ ದಂಡಿ ಹಿಡಿದು ಹೋಗೂಣಂತ ಬಂದೆ. ಇಲ್ಲಿ ದಂಡಿನ ಇಲ್ಲ, ಚಾ ಐತಿ.”

ಬೆಂಚಿನವರೆಲ್ಲ ನಕ್ಕರು, ನಾನೂ ನಕ್ಕೆ. ಇಲ್ಲಿಂದ ಇವರೆಲ್ಲ ಹಿಂದಕ್ಕೆ ಹೋಗುವುದು ಹೇಗೆ ಎಂದು ನಾನು ಕೇಳುವ ಮೊದಲೇ ಅಂಗಡಿಯವನು, “ಬಂದ ದಾರೀನ ಏರಿಕೋತ ಹೋದ್ರ ಅವ್ರವ್ರ ಮನಿ ಬರ್ತೈತ್ರಿ, ಇಷ್ಟು ದಿನದಾಗ ಯಾರೂ ತಪ್ಪಿಲ್ಲ” ಎಂದ.

ಅವ್ವನ ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಆ ಕಡೆಯ ರಸ್ತೆಯಿಂದ ಯಾರೋ ನಿಧಾನವಾಗಿ ಇಳಿದು ಬರುವುದು ಕಂಡಿತು. ಚಾಚಿ. ಮನೆಯಲ್ಲೇ ಇರಿ ಎಂದರೆ ಕೇಳುವ ಜಾತಿಯೇ ಅಲ್ಲ ಇವರದು. ಒಬ್ಬರೇ ನಡೆದು ಬಂದಿದ್ದರು, ಯಾರನ್ನೂ ದಾರಿ ಕೇಳಿರಲಿಲ್ಲ.

ಅವ್ವ ಎದ್ದು ನಿಲ್ಲಲಿಲ್ಲ, ಅಪ್ಪಿಕೊಳ್ಳಲಿಲ್ಲ. ಸರಿದು ಜಾಗ ಮಾಡಿದಳು.

“ಇಷ್ಟೊತ್ತು ಯಾಕಾತು ಅಕ್ಕಾ?”

“ಅಕ್ಕಿ ಹಸನ ಮಾಡೂದಿತ್ತು ಅಕ್ಕಾ.”

ಆಮೇಲೆ ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ. ನಾನು ಸ್ಕೂಟರ್ ಹಿಡಿದು ನಿಂತೇ ಇದ್ದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಳ್ಳಲು ಬರುವುದಿಲ್ಲ, ಮೊದಲು ಯಾರನ್ನು ಬಿಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಅವ್ವನೇ ಕತ್ತು ಹೊರಳಿಸಿದಳು.

“ನೀ ಹೋಗು. ನಾವು ನಮ್ಮ ನಮ್ಮ ದಾರಿ ಹಿಡಿದು ನಡ್ಕೋತ ಬರ್ತೇವಿ.”

ಬೇಡ ಎನ್ನಲು ನಾಲಿಗೆಯ ತುದಿಗೆ ನೂರು ಮಾತು ಬಂದವು. ಸ್ಕೂಟರ್ ತಿರುಗಿಸಿ ಬಂದುಬಿಟ್ಟೆ. ಅನ್ನಕ್ಕೆ ಇಟ್ಟೆ. ಕಿಟಕಿಯಿಂದ ಇಣುಕಬಾರದು ಎಂದುಕೊಂಡು ಹತ್ತು ಸಲ ಇಣುಕಿದೆ. ಬೀದಿ ದೀಪ ಹತ್ತುವ ಮುಂಚೆ ಅವ್ವ ಗೇಟು ತೆಗೆದ ಸಪ್ಪಳ ಕೇಳಿತು, ಕೈಯಲ್ಲಿ ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ.